ಹೊಸ ವಾಸನೆ ಮತ್ತು ಮನೆಯ ಬೆಕ್ಕು

ದೀಪಾವಳಿಗೆಂದು ಸುಣ್ಣಬಣ್ಣ ಮಾಡಿಸಿದ ವಾರದಲ್ಲಿಯೋ, ಪಡಸಾಲೆಗೆ ಹೊಸ ಮಂಚ ಬಂದ ದಿನವೋ, ಪರಊರಿನ ನೆಂಟರು ಗಂಟುಮೂಟೆಯೊಡನೆ ಬಂದಿಳಿದ ರಾತ್ರಿಯೋ ಮನೆಯ ಬೆಕ್ಕಿನ ನಡತೆ ಇದ್ದಕ್ಕಿದ್ದಂತೆ ಬದಲಾಗುವುದನ್ನು ಅನೇಕ ಕುಟುಂಬಗಳು ಕಂಡಿರುತ್ತವೆ. ನಿನ್ನೆಯವರೆಗೆ ಒಲೆಯ ಬದಿಯಲ್ಲಿ ಸುರುಳಿಯಾಗಿ ಮಲಗುತ್ತಿದ್ದ ಪ್ರಾಣಿ ಇಂದು ಅಟ್ಟವನ್ನೇರಿ ಕುಳಿತು, ಎಷ್ಟು ಕರೆದರೂ ಇಳಿಯುವುದಿಲ್ಲ. ಅನ್ನದ ಬಟ್ಟಲನ್ನು ಮೂಸಿ ಹಿಂದೆ ಸರಿಯುತ್ತದೆ. ನೆಂಟರ ಚೀಲದ ಮೇಲೆಯೇ ಮೂತ್ರ ಸಿಂಪಡಿಸಿ ಮನೆಯವರು ತಲೆ ತಗ್ಗಿಸುವಂತೆ ಮಾಡುತ್ತದೆ. ಆಗ ಮನೆಯಲ್ಲಿ ಏಳುವ ಮಾತು ಸಾಮಾನ್ಯವಾಗಿ ಒಂದೇ: "ಇದಕ್ಕೆ ಸೊಕ್ಕು ಬಂದಿದೆ, ಚೀಲದಲ್ಲಿ ಕಟ್ಟಿ ಹಳ್ಳದ ಆಚೆ ಬಿಟ್ಟು ಬನ್ನಿ."

ಅದು ಬರೀ ಮಾತಾಗಿ ಉಳಿಯದೆ ಎಷ್ಟೋ ಮನೆಗಳಲ್ಲಿ ನಡೆದೇ ಹೋಗುತ್ತದೆ ಎಂಬುದು ಖೇದದ ಸಂಗತಿ. ಮನೆಯ ಅನ್ನಕ್ಕೆ ಒಗ್ಗಿದ ಬೆಕ್ಕು ಅಪರಿಚಿತ ಜಾಗದಲ್ಲಿ ನಾಯಿಗಳಿಗೆ ಸಿಕ್ಕಿಯೋ ಹಸಿವಿನಿಂದಲೋ ಸಾಯುವುದು ಅಪರೂಪವಲ್ಲ. ಹಸಿವು ನೀರಡಿಕೆಗಳಿಂದ ನರಳುವಂತಹ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆದುಬರುವುದು 1960ರ ಪ್ರಾಣಿಹಿಂಸಾ ತಡೆ ಕಾಯಿದೆಯ ಪ್ರಕಾರ ಅಪರಾಧವೂ ಹೌದು. ಆದರೆ ಇಲ್ಲಿ ನಾವು ಹೇಳಹೊರಟಿರುವುದು ಕಾನೂನಿನ ಮಾತಲ್ಲ. ಬೆಕ್ಕಿನ ಆ ನಡತೆ ಸೊಕ್ಕೂ ಅಲ್ಲ, ಸೇಡೂ ಅಲ್ಲ; ಮನೆಯ ವಾಸನೆ ಬದಲಾದಾಗ ಅದಕ್ಕೆ ಮನೆಯೇ ಕಳೆದುಹೋದಂತಾಗುತ್ತದೆ ಎಂಬ ಸಂಗತಿಯನ್ನು ಓದುಗ ಬಂಧುಗಳ ಗಮನಕ್ಕೆ ತರಬಯಸುತ್ತೇವೆ.

ನಮಗೆ ಮನೆಯೆಂದರೆ ಗೋಡೆ, ಬಾಗಿಲು, ಕಂಬ, ತೊಲೆ. ಕಣ್ಣಿಗೆ ಕಾಣುವುದೇ ನಮಗೆ ಗುರುತು. ಬೆಕ್ಕಿಗೂ ಕಣ್ಣು ಚೆನ್ನಾಗಿಯೇ ಇದೆ, ಅದರಲ್ಲಿಯೂ ಮಬ್ಬುಗತ್ತಲೆಯಲ್ಲಿ. ಆದರೂ ಇದು ನನ್ನ ಜಾಗ, ಇವರು ನನ್ನವರು ಎಂದು ಅದು ನಿಶ್ಚಯಿಸುವುದು ಬಹುಮಟ್ಟಿಗೆ ಮೂಗಿನಿಂದ. ಹುಟ್ಟಿದ ಮರಿಗೆ ಕಣ್ಣು ತೆರೆದಿರುವುದಿಲ್ಲ, ಕಿವಿಯೂ ಕೇಳಿಸುವುದಿಲ್ಲ. ವಾಸನೆ ಮಾತ್ರ ತಿಳಿಯುತ್ತದೆ. ಆ ಒಂದೇ ಆಧಾರದಿಂದ ಅದು ತಾಯಿಯ ಮೊಲೆಯನ್ನು ಹುಡುಕಿಕೊಳ್ಳುತ್ತದೆ. ಕೆಲವೇ ದಿನಗಳಲ್ಲಿ ತನಗೆ ಒಗ್ಗಿದ ಮೊಲೆ ಯಾವುದೆಂದು ಗುರುತಿಸಿ ಅದಕ್ಕೇ ಹೋಗುತ್ತದೆ. ಹಾಸಿನಿಂದ ಆಚೆ ಸರಿದ ಕುರುಡುಮರಿ ತನ್ನ ಮೂಲೆಯ ವಾಸನೆ ಹಿಡಿದು ತೆವಳುತ್ತ ಹಿಂದಿರುಗುತ್ತದೆ. ಜಗತ್ತನ್ನು ಮೂಗಿನಿಂದ ಓದಲು ಕಲಿತ ಪ್ರಾಣಿ ದೊಡ್ಡದಾದ ಮೇಲೂ ಆ ಓದನ್ನು ಬಿಡುವುದಿಲ್ಲ.

ಬೆಕ್ಕಿನ ಮೂಗು ಹೊರಗಿನಿಂದ ಕಾಣುವುದು ಕಡಲೆಬೇಳೆಯಷ್ಟು. ಒಳಗಿರುವ ರಚನೆ ಮಾತ್ರ ಅಚ್ಚರಿ ಹುಟ್ಟಿಸುವಂತಹುದು. ಅಮೆರಿಕದ ಒಹಾಯೊ ರಾಜ್ಯ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಸಾಕುಬೆಕ್ಕಿನ ಮೂಗಿನ ಪೂರ್ಣ ಪ್ರತಿರೂಪವನ್ನು ಗಣಕಯಂತ್ರದಲ್ಲಿ ರಚಿಸಿ, ಅದರೊಳಗೆ ಗಾಳಿ ಹೇಗೆ ಹರಿಯುತ್ತದೆಂದು ಪರೀಕ್ಷಿಸಿದರು. ಒಳಗೆಳೆದ ಉಸಿರು ಅಲ್ಲಿ ಎರಡು ಧಾರೆಗಳಾಗಿ ಒಡೆಯುತ್ತದೆ. ಒಂದು ನಿಧಾನವಾಗಿ ಶುಚಿಯಾಗುತ್ತ, ತೇವಗೊಳ್ಳುತ್ತ ಶ್ವಾಸಕೋಶದತ್ತ ಸಾಗುತ್ತದೆ. ಇನ್ನೊಂದು ಧಾರೆ ವೇಗವಾಗಿ ಹಿಂಭಾಗದ ಘ್ರಾಣಪ್ರದೇಶಕ್ಕೆ ನುಗ್ಗಿ, ಅಲ್ಲಿನ ಸುರುಳಿ ಸುರುಳಿಯಾದ ಕಿರುನಾಳಗಳಲ್ಲಿ ಸುತ್ತಾಡುತ್ತದೆ. ಪ್ರಯೋಗಶಾಲೆಗಳಲ್ಲಿ ಅನಿಲಮಿಶ್ರಣಗಳನ್ನು ಬಿಡಿಸಿ ಗುರುತಿಸಲು ಇಂತಹುದೇ ಸುರುಳಿನಾಳದ ಯಂತ್ರವನ್ನು ಬಳಸುತ್ತಾರೆ. ಅಷ್ಟೇ ಗಾತ್ರದ ತಲೆಯಲ್ಲಿ ನೇರವಾದ ನಾಳವಿದ್ದಿದ್ದರೆ ಆಗುತ್ತಿದ್ದುದಕ್ಕಿಂತ ನೂರು ಪಟ್ಟಿಗೂ ಹೆಚ್ಚು ಸಮರ್ಥವಾಗಿ ಈ ಮೂಗು ವಾಸನೆಯನ್ನು ಬೇರ್ಪಡಿಸುತ್ತದೆ ಎಂಬುದು ಆ ಸಂಶೋಧಕರ ಲೆಕ್ಕ. ನಮ್ಮ ಪಾಲಿಗೆ "ಬಣ್ಣದ ವಾಸನೆ" ಎಂಬ ಒಂದೇ ವಾಸನೆಯಾಗಿರುವುದು ಬೆಕ್ಕಿನ ಪಾಲಿಗೆ ಹತ್ತಾರು ಅಪರಿಚಿತರ ಗುಂಪು.

ಇದರ ಮೇಲೆ ಇನ್ನೊಂದು ಅಂಗವಿದೆ. ಬೆಕ್ಕು ಏನನ್ನೋ ಮೂಸಿ, ಮೇಲ್ದುಟಿಯನ್ನು ಎತ್ತಿ, ಬಾಯನ್ನು ಅರೆ ತೆರೆದು, ಅಣಕಿಸುವಂತೆ ಮುಖ ಮಾಡಿ ಕ್ಷಣಕಾಲ ಸ್ತಬ್ಧವಾಗುವುದನ್ನು ನೋಡಿದವರು ಬಹಳ. ಹೇಸಿಗೆಯಿಂದ ಹಾಗೆ ಮಾಡುತ್ತದೆಂದು ಮಕ್ಕಳು ನಗುತ್ತಾರೆ. ವಾಸ್ತವವಾಗಿ ಮೇಲಿನ ಮುಂಬಲ್ಲುಗಳ ಹಿಂದೆ ಎರಡು ಸಣ್ಣ ರಂಧ್ರಗಳಿದ್ದು, ಅವುಗಳ ಮೂಲಕ ವಾಸನೆಯನ್ನು ಅಂಗುಳದ ಮೇಲಿರುವ ಜೇಕಬ್‌ಸನ್ ಅಂಗಕ್ಕೆ ತಲುಪಿಸುವ ಕ್ರಿಯೆ ಅದು. 19ನೆಯ ಶತಮಾನದ ಆರಂಭದಲ್ಲಿ ಅದನ್ನು ವಿವರಿಸಿದ ಡೆನ್ಮಾರ್ಕಿನ ವೈದ್ಯನ ಹೆಸರೇ ಆ ಅಂಗಕ್ಕೆ ಬಂದಿದೆ. ಹೋರಿ, ಟಗರು, ಕುದುರೆಗಳೂ ಹೀಗೆಯೇ ತುಟಿ ಎತ್ತುವುದನ್ನು ನಮ್ಮ ರೈತರು ಬಲ್ಲರು. ಬೇರೊಂದು ಪ್ರಾಣಿ ಬಿಟ್ಟುಹೋದ ಗುರುತನ್ನು ಓದಲು ಬೆಕ್ಕು ಮುಖ್ಯವಾಗಿ ಇದನ್ನು ಬಳಸುತ್ತದೆ.

ಓದುವುದಷ್ಟೇ ಅಲ್ಲ, ಬೆಕ್ಕು ಬರೆಯುತ್ತದೆ ಕೂಡ. ಕೆನ್ನೆ, ಗದ್ದ, ಹಣೆ, ಬಾಲದ ಬುಡ, ಪಾದದ ಅಡಿ, ಈ ಕಡೆಗಳಲ್ಲಿ ಅದಕ್ಕೆ ಗಂಧಗ್ರಂಥಿಗಳಿವೆ. ಬಾಗಿಲ ಚೌಕಟ್ಟಿಗೆ ಕೆನ್ನೆ ಉಜ್ಜುವುದು, ಕಂಬವನ್ನು ಪರಚುವುದು, ಸಂಜೆ ಮನೆಗೆ ಬಂದ ಯಜಮಾನರ ಕಾಲಿಗೆ ಮೈ ತೀಡುವುದು ಇವೆಲ್ಲವೂ ತನ್ನ ವಾಸನೆಯನ್ನು ಹಚ್ಚುವ ಬಗೆಗಳು. ಕಾಲಿಗೆ ಉಜ್ಜುವುದು ಹಾಲಿನ ಆಸೆಗೆ ಎಂದು ಹೇಳುವವರುಂಟು. ಅದೂ ಇರಬಹುದು. ಆದರೆ ಹೊರಗಿನ ನೂರೆಂಟು ವಾಸನೆ ಹೊತ್ತು ಬಂದವರನ್ನು ಮತ್ತೆ ಮನೆಯ ವಾಸನೆಗೆ ಸೇರಿಸಿಕೊಳ್ಳುವ ಕ್ರಮವೂ ಅದರಲ್ಲಿದೆ. ನೆಲದಿಂದ ಒಂದು ಗೇಣಿನ ಎತ್ತರದಲ್ಲಿ ಗೋಡೆಯ ಮೂಲೆಗಳನ್ನು ಗಮನಿಸಿದರೆ ವರ್ಷಗಟ್ಟಲೆ ಉಜ್ಜಿದ ಜಿಡ್ಡಿನ ಕಂದುಪಟ್ಟಿ ಕಾಣುತ್ತದೆ. ಸುಣ್ಣ ಬಳಿಯುವವನು ಮೊದಲು ಕೆರೆದು ತೆಗೆಯುವುದು ಅದನ್ನೇ.

ಇಷ್ಟು ಬಿಗಿಯಾಗಿ ಜಾಗಕ್ಕೆ ಅಂಟಿಕೊಳ್ಳುವುದು ಏಕೆ? ಮನೆಬೆಕ್ಕಿನ ಮೂಲಪುರುಷ ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕಾದ ಕಾಡುಬೆಕ್ಕು. ಒಂಟಿಯಾಗಿ ಬೇಟೆಯಾಡುವ ಜೀವಿ. ಸೈಪ್ರಸ್ ದ್ವೀಪದಲ್ಲಿ ಮನುಷ್ಯನೊಬ್ಬನ ಸಮಾಧಿಯ ಪಕ್ಕದಲ್ಲಿಯೇ ಹೂತಿಟ್ಟ ಬೆಕ್ಕಿನ ಅಸ್ಥಿಪಂಜರ ದೊರೆತ ಸಂಗತಿಯನ್ನು ಪುರಾತತ್ವಜ್ಞರು 2004ರಲ್ಲಿ ಪ್ರಕಟಿಸಿದರು. ಅದರ ಕಾಲ ಇಂದಿಗೆ ಸುಮಾರು 9500 ವರ್ಷಗಳ ಹಿಂದೆ. ಧಾನ್ಯ ಕೂಡಿಟ್ಟಲ್ಲಿಗೆ ಇಲಿ ಬಂದಿತು, ಇಲಿಯ ಹಿಂದೆ ಬೆಕ್ಕು ಬಂದಿತು. ನಮ್ಮ ಹಗೇವು ಕಣಜಗಳ ಕಥೆಯೂ ಬೇರೆಯಲ್ಲ. ಎಷ್ಟು ಪಳಗಿದರೂ ಒಂಟಿ ಬೇಟೆಗಾರನ ಸ್ವಭಾವ ಉಳಿದುಬಂದಿದೆ. ಗುಂಪಿನ ಆಸರೆಯಿಲ್ಲದ ಪ್ರಾಣಿಗೆ ತನ್ನ ನೆಲೆಯೇ ಆಸರೆ. ಅಲ್ಲಿ ಹೊಸ ವಾಸನೆ ಕಂಡರೆ "ಯಾರೋ ಬಂದಿದ್ದಾರೆ" ಎಂದೇ ಅದು ಮೊದಲು ತಿಳಿಯುತ್ತದೆ.

ಅಪರಿಚಿತ ವಾಸನೆಯನ್ನು ಬೆಕ್ಕು ಹೇಗೆ ಎದುರಿಸುತ್ತದೆ ಎಂಬುದನ್ನು ಜಪಾನಿನ ಟೋಕಿಯೊ ಕೃಷಿ ವಿಶ್ವವಿದ್ಯಾಲಯದವರು 30 ಬೆಕ್ಕುಗಳ ಮೇಲೆ ಪರೀಕ್ಷಿಸಿ 2025ರಲ್ಲಿ ಪ್ರಕಟಿಸಿದರು. ಸಾಕಿದವರ ಕಂಕುಳು, ಕಿವಿಯ ಹಿಂಭಾಗ, ಕಾಲ್ಬೆರಳ ಸಂದುಗಳನ್ನು ಒರೆಸಿದ ಹತ್ತಿಯನ್ನು ಒಂದು ಕೊಳವೆಯಲ್ಲಿ, ಎಂದೂ ಕಾಣದವರದನ್ನು ಇನ್ನೊಂದರಲ್ಲಿ, ಬರಿಯ ಹತ್ತಿಯನ್ನು ಮೂರನೆಯದರಲ್ಲಿ ಇಟ್ಟರು. ಬೆಕ್ಕುಗಳು ಹೆಚ್ಚು ಹೊತ್ತು ಮೂಸಿದ್ದು ಅಪರಿಚಿತರ ವಾಸನೆಯನ್ನು. ಮೊದಲು ಬಲಹೊಳ್ಳೆಯಿಂದ ಮೂಸತೊಡಗಿ, ಪರಿಚಯ ಬೆಳೆದಂತೆ ಎಡಹೊಳ್ಳೆಗೆ ತಿರುಗಿದವು ಎಂಬುದು ಇನ್ನೂ ಸ್ವಾರಸ್ಯಕರ. ಮೂಗಿನ ಪ್ರತಿಯೊಂದು ಹೊಳ್ಳೆಯೂ ಮಿದುಳಿನ ತನ್ನದೇ ಬದಿಗೆ ಸುದ್ದಿ ಕಳುಹಿಸುತ್ತದೆ. ಅನೇಕ ಪ್ರಾಣಿಗಳಲ್ಲಿ ಹೊಸತನ್ನೂ ಅಪಾಯವನ್ನೂ ಮೊದಲು ವಿಚಾರಿಸುವುದು ಮಿದುಳಿನ ಬಲಭಾಗ. ಮೂಸಿದ ಮೇಲೆ ಬೆಕ್ಕುಗಳು ಕೊಳವೆಗೆ ಮುಖವನ್ನು ಉಜ್ಜಿದವು.

ಈ ಕ್ರಮವನ್ನು ಮನೆಯಲ್ಲಿಯೇ ನೋಡಬಹುದು. ನೆಂಟರ ಪೆಟ್ಟಿಗೆಯನ್ನು ಕಂಡ ಬೆಕ್ಕು ಮಾರುದೂರದಲ್ಲಿ ನಿಲ್ಲುತ್ತದೆ. ಮೈ ಹಿಂದೆಯೇ ಉಳಿದು ಕುತ್ತಿಗೆ ಮಾತ್ರ ಮುಂದೆ ಚಾಚುತ್ತದೆ, ಮೀಸೆಗಳು ಮುಂದಕ್ಕೆ ಬಾಗುತ್ತವೆ. ಚಿಕ್ಕ ಚಿಕ್ಕ ಉಸಿರಿನಿಂದ ಮೂಸಿ, ಥಟ್ಟನೆ ಹಿಂದೆ ಸರಿದು, ಮತ್ತೆ ಬರುತ್ತದೆ. ಕೊನೆಗೆ ಪೆಟ್ಟಿಗೆಯ ಮೂಲೆಗೆ ಕೆನ್ನೆ ತೀಡಿತೆಂದರೆ ಒಪ್ಪಿಗೆಯಾಯಿತು, ಪೆಟ್ಟಿಗೆ ಮನೆಯದಾಯಿತು. ಈ ವಿಚಾರಣೆ ಮುಗಿಯುವ ಮೊದಲೇ ಬೆಕ್ಕನ್ನು ಎತ್ತಿಕೊಂಡು ಹೋಗಿ, "ನೋಡು, ಏನೂ ಇಲ್ಲ" ಎಂದು ಪೆಟ್ಟಿಗೆಗೆ ಅದರ ಮೂಗನ್ನು ತಾಗಿಸುವವರಿದ್ದಾರೆ. ಅದರಷ್ಟು ಕೇಡು ಬೇರೆಯಿಲ್ಲ. ಹಿಂದೆ ಸರಿಯುವ ಹಾದಿ ಇದ್ದರೆ ಮಾತ್ರ ಬೆಕ್ಕು ಮುಂದೆ ಬರುತ್ತದೆ. ಹಾದಿ ಮುಚ್ಚಿದರೆ ಉಗುರು ಹೊರಬರುತ್ತದೆ. ಹಾಗೆ ಪರಚಿಸಿಕೊಂಡವರು ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ ಕಾಲು ಗಂಟೆ ತೊಳೆದು, ರೇಬೀಸ್ ಚುಚ್ಚುಮದ್ದಿನ ಬಗ್ಗೆ ಅದೇ ದಿನ ವೈದ್ಯರನ್ನು ಕಾಣಬೇಕು.

ಹೊಸ ಪೀಠೋಪಕರಣ ತಂದಾಗ ಮಾಡಬಹುದಾದ ಒಂದು ಸುಲಭ ಉಪಾಯವಿದೆ. ಮೆತ್ತನೆಯ ಹತ್ತಿಬಟ್ಟೆಯಿಂದ ಬೆಕ್ಕಿನ ಕೆನ್ನೆಯನ್ನು ಮೃದುವಾಗಿ ಒರೆಸಿ, ಆ ಬಟ್ಟೆಯನ್ನು ಹೊಸ ಸಾಮಾನಿನ ಅಂಚಿಗೆ, ಬೆಕ್ಕಿನ ಮೂಗಿನ ಎತ್ತರದಲ್ಲಿ ಹಚ್ಚಬೇಕು. ಫ್ರಾನ್ಸಿನ ಪಶುವೈದ್ಯ ಪ್ಯಾಟ್ರಿಕ್ ಪಾಜಾ ಅವರು ಇದೇ ಕೆನ್ನೆಯ ಸ್ರಾವವನ್ನು ವಿಶ್ಲೇಷಿಸಿದರು. ಅದರ ಒಂದು ಅಂಶದ ಕೃತಕ ರೂಪ 1996ರಿಂದ ಮಾರಾಟಕ್ಕೆ ಬಂದಿತು. ಎಲ್ಲ ಬೆಕ್ಕುಗಳಿಗೂ ಅದರಿಂದ ಸಮನಾದ ಗುಣ ಕಾಣುವುದಿಲ್ಲ, ಬೆಲೆಯೂ ಕಡಿಮೆಯಲ್ಲ. ಹತ್ತಿಬಟ್ಟೆಗೆ ಖರ್ಚಿಲ್ಲ.

ಎರಡು ಬೆಕ್ಕುಗಳಿರುವ ಮನೆಯಲ್ಲಿ ಇನ್ನೊಂದು ವಿಚಿತ್ರ ನಡೆಯುತ್ತದೆ. ಒಂದೇ ಬಸುರಿನ ಅಕ್ಕತಂಗಿಯರಂತೆ ಬೆಳೆದವು. ಒಂದನ್ನು ಪಶುವೈದ್ಯರಲ್ಲಿಗೆ ಒಯ್ದು ಸಂಜೆ ಮರಳಿ ತಂದೊಡನೆ ಇನ್ನೊಂದು ಬೆನ್ನುಬ್ಬಿಸಿ ಬುಸುಗುಟ್ಟುತ್ತದೆ, ಮೈಮೇಲೆ ಬೀಳುತ್ತದೆ. ಕಣ್ಣಿಗೆ ಅದೇ ಬೆಕ್ಕು, ಮೂಗಿಗೆ ಬೇರೆ ಬೆಕ್ಕು. ಸ್ಪಿರಿಟ್, ಔಷಧಿ, ಬೇರೆ ನಾಯಿಗಳ ಭೀತಿಯ ವಾಸನೆ ಮೈಗೆ ಹತ್ತಿ, ಕೂಡುಮನೆಯ ವಾಸನೆ ಅಳಿದಿರುತ್ತದೆ. ಇಬ್ಬರನ್ನೂ ಬೈದು ಪ್ರಯೋಜನವಿಲ್ಲ. ಬಂದದ್ದನ್ನು ಬೇರೆ ಕೋಣೆಯಲ್ಲಿ ಒಂದು ದಿನ ಇರಿಸಿ, ಅದರ ಹಳೆಯ ಕೌದಿಯ ಮೇಲೆಯೇ ಮಲಗಿಸಿ, ಎರಡರ ಹಾಸನ್ನೂ ಅದಲುಬದಲು ಮಾಡಿ, ಆಮೇಲೆ ಬಾಗಿಲ ಆಚೆ ಈಚೆ ಊಟ ಕೊಟ್ಟು ಕೂಡಿಸಿದರೆ ಹೆಚ್ಚಿನ ಪಾಲು ಸರಿಹೋಗುತ್ತದೆ. ಆ ಬೆಕ್ಕನ್ನು ಒಯ್ದ ಚೀಲವನ್ನೂ ಮರೆಯಬಾರದು. ಕುದಿಯುವ ಹಾಲಿಗೆ ಬಾಯಿ ಸುಟ್ಟುಕೊಂಡು ಹಾಲು ಕಂಡರೆ ಓಡುತ್ತಿದ್ದ ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಮಕ್ಕಳಿಗೂ ಗೊತ್ತು. ಸೂಜಿಯ ನೆನಪಿರುವ ಚೀಲವನ್ನು ಒಗೆದು ಬಿಸಿಲಿಗೆ ಹಾಕಿ, ವರ್ಷವಿಡೀ ಮಲಗುವ ಜಾಗದಲ್ಲಿ ತೆರೆದಿಟ್ಟರೆ ಮುಂದಿನ ಸಲ ಓಡುವುದಿಲ್ಲ.

ಇನ್ನು ಮೂತ್ರದ ವಿಷಯ. ಮನೆಯಿಂದ ಹೊರಬೀಳುವ ಬೆಕ್ಕುಗಳ ಮೇಲಿನ ಆರೋಪ ಇದೇ ಆದುದರಿಂದ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ನಿಂತುಕೊಂಡು, ಬಾಲವನ್ನು ನೆಟ್ಟಗೆ ಎತ್ತಿ ನಡುಗಿಸುತ್ತ, ಹಿಂದಕ್ಕೆ ಗೋಡೆಗೋ ಚೀಲಕ್ಕೋ ಸ್ವಲ್ಪವೇ ಚಿಮುಕಿಸುವುದು ಗುರುತು ಹಾಕುವ ಕ್ರಿಯೆ. ಹೊಸ ವಾಸನೆಯ ಮೇಲೆ ತನ್ನ ವಾಸನೆಯನ್ನು ಹೇರಿ ಬೆಕ್ಕು ತನಗೆ ತಾನೇ ಧೈರ್ಯ ಹೇಳಿಕೊಳ್ಳುತ್ತದೆ. ಬೀಜ ಒಡೆಯದ ಗಂಡುಗಳಲ್ಲಿ ಇದು ಹೆಚ್ಚು. ಸಂತಾನಹರಣ ಚಿಕಿತ್ಸೆಯಾದ ಮೇಲೆ ಬಹುಪಾಲು ನಿಲ್ಲುತ್ತದೆ. ಕುಕ್ಕರಿಸಿ ಕುಳಿತು ನೆಲದ ಮೇಲೆ ಪೂರ್ತಿ ಮಾಡುವುದು ಬೇರೆ ಸಂಗತಿ. ಅದಕ್ಕೆ ಕಾಯಿಲೆಯೂ ಕಾರಣವಿರಬಹುದು. ಗಂಡುಬೆಕ್ಕು ಮತ್ತೆ ಮತ್ತೆ ಕುಳಿತು ತಿಣುಕಿ, ನರಳಿ, ಒಂದು ಹನಿಯೂ ಬಾರದಿದ್ದರೆ ಮೂತ್ರನಾಳ ಕಟ್ಟಿಕೊಂಡಿದೆ ಎಂದೇ ತಿಳಿದು ಆ ಹೊತ್ತೇ ಪಶುವೈದ್ಯರಲ್ಲಿಗೆ ಒಯ್ಯಬೇಕು. ಎರಡು ಮೂರು ದಿನ ತಡವಾದರೆ ಪ್ರಾಣ ಉಳಿಯುವುದಿಲ್ಲ. ಅದನ್ನು ಹಟವೆಂದು ತಿಳಿದು ಹೊಡೆಯುವ ಮನೆಗಳಿವೆ ಎಂಬುದನ್ನು ನೆನೆದರೆ ಮನಸ್ಸು ನೋಯುತ್ತದೆ. ಹಾಗೆಯೇ ಹೊಸ ವಾಸನೆಗೆ ಹೆದರಿ ಅಡಗಿದ ಬೆಕ್ಕು ಎರಡು ದಿನ ಏನೂ ತಿನ್ನದಿದ್ದರೆ ಕಾಯುತ್ತ ಕೂಡಬಾರದು. ಉಪವಾಸ ಬಿದ್ದ ಬೆಕ್ಕಿನ ಯಕೃತ್ತಿಗೆ, ಅದರಲ್ಲಿಯೂ ಕೊಬ್ಬಿದ ಬೆಕ್ಕಿನ ಯಕೃತ್ತಿಗೆ, ಬೇಗನೆ ಕೊಬ್ಬು ತುಂಬಿ ಅಪಾಯವಾಗುತ್ತದೆ.

ಮೂತ್ರ ಬಿದ್ದಲ್ಲಿ ನಮ್ಮ ಗೃಹಿಣಿಯರು ಮೊದಲು ತರುವುದು ಫಿನಾಯಿಲ್. ಇದರಿಂದ ಎರಡು ಕೇಡುಗಳು. ಮೊದಲನೆಯದು, ಆ ಘಾಟಿನ ವಾಸನೆಯೇ ಬೆಕ್ಕಿಗೆ ಮತ್ತೊಂದು ಅಪರಿಚಿತ. ಅದನ್ನು ಮುಚ್ಚಲು ಅದು ಅಲ್ಲಿಯೇ ಮತ್ತೆ ಚಿಮುಕಿಸುತ್ತದೆ. ಅಮೋನಿಯ ಬೆರೆತ ದ್ರಾವಣವಂತೂ ಬೇಡವೇ ಬೇಡ, ಮೂತ್ರದಲ್ಲಿರುವುದೂ ಅದೇ ವಾಸನೆ. ಎಂಜೈಮ್ ಇರುವ ಬಟ್ಟೆಪುಡಿಯನ್ನು ನೀರಿನಲ್ಲಿ ಕದಡಿ ತೊಳೆದು, ತಿಳಿನೀರಿನಿಂದ ಒರೆಸಿ, ಗಾಳಿಗೆ ಒಣಗಲು ಬಿಟ್ಟರೆ ಸಾಕು.

ಎರಡನೆಯ ಕೇಡು ಪ್ರಾಣಕ್ಕೆ ಸಂಬಂಧಿಸಿದುದು. ಫೀನಾಲ್ ಜಾತಿಯ ರಾಸಾಯನಿಕಗಳು ಹೊಟ್ಟೆ ಸೇರಿದಾಗ ಮನುಷ್ಯನ ಯಕೃತ್ತು ಅವಕ್ಕೆ ಒಂದು ಆಮ್ಲವನ್ನು ಜೋಡಿಸಿ ಮೂತ್ರದ ಮೂಲಕ ಹೊರಹಾಕುತ್ತದೆ. ಈ ಜೋಡಣೆಗೆ ಬೇಕಾದ ಮುಖ್ಯ ಕಿಣ್ವದ ಜೀನು ಬೆಕ್ಕಿನ ಕುಲದಲ್ಲಿ ಕೆಟ್ಟುಹೋಗಿದೆ. ಮಾಂಸವನ್ನೇ ನೆಚ್ಚಿ ಬದುಕಿದ ವಂಶಕ್ಕೆ ಸಸ್ಯಗಳ ವಿಷವನ್ನು ಕಳೆಯುವ ಆ ಸಾಧನ ಬೇಕಾಗಲಿಲ್ಲ, ಕಾಲಕ್ರಮದಲ್ಲಿ ಉಳಿಯಲಿಲ್ಲ. ಫಿನಾಯಿಲ್ ಬಳಿದ ಹಸಿನೆಲದ ಮೇಲೆ ನಡೆದ ಬೆಕ್ಕು ಆಮೇಲೆ ಪಾದ ನೆಕ್ಕುತ್ತದೆ. ವಿಷ ಹೊಟ್ಟೆ ಸೇರುತ್ತದೆ. ನೀರಿಗೆ ಹಾಕಿದೊಡನೆ ಹಾಲಿನಂತೆ ಬೆಳ್ಳಗಾಗುವ ನಂಜುನಿವಾರಕಗಳನ್ನೆಲ್ಲ ಈ ಗುಂಪಿಗೇ ಸೇರಿದವೆಂದು ತಿಳಿದು ದೂರವಿಡುವುದು ಲೇಸು. ಬಳಸಲೇಬೇಕಾದರೆ ನೆಲ ಪೂರ್ತಿ ಒಣಗುವವರೆಗೆ, ಮೇಲೆ ಒಂದು ಸಲ ತಿಳಿನೀರು ಬಳಿಯುವವರೆಗೆ, ಬೆಕ್ಕನ್ನು ಬೇರೆ ಕೋಣೆಯಲ್ಲಿಡಬೇಕು. ಜ್ವರ ಬಂದಿದೆಯೆಂದು ನಮ್ಮ ಪ್ಯಾರಾಸಿಟಮಾಲ್ ಗುಳಿಗೆಯ ಚೂರನ್ನು ಬೆಕ್ಕಿಗೆ ತಿನ್ನಿಸುವುದಂತೂ ಕೊಲೆಯೇ ಸರಿ. ಒಂದೇ ಗುಳಿಗೆ ಅದರ ಜೀವ ತೆಗೆಯಬಲ್ಲದು. ಟ್ರಂಕಿನಲ್ಲಿಡುವ ನುಸಿಗುಳಿಗೆ, ನೆಗಡಿಗೆ ಹಚ್ಚುವ ನೀಲಗಿರಿ ಎಣ್ಣೆ, ಕರ್ಪೂರ ಇವೂ ಬೆಕ್ಕಿನ ಬಾಯಿಗೆ ಸಿಗಬಾರದು. ಜಗಲಿಯ ಮುಂದೆ ಊದುಬತ್ತಿ, ಲೋಬಾನ ಹಾಕುವುದನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ. ಕಿಟಕಿ ತೆರೆದಿರಲಿ, ಬೆಕ್ಕು ಹೊರನಡೆಯಲು ದಾರಿ ಇರಲಿ. ಹಿಂದಿನ ತೊಟ್ಟಿಮನೆಗಳಲ್ಲಿ ಹೊಗೆಗೂ ಬೆಕ್ಕಿಗೂ ಹೊರದಾರಿಗಳು ಸಾಕಷ್ಟಿದ್ದವು. ಇಂದಿನ ಮಹಡಿಮನೆಯ ಮುಚ್ಚಿದ ಕೋಣೆಯಲ್ಲಿ ಎರಡಕ್ಕೂ ದಾರಿಯಿಲ್ಲ.

ಹೊಸ ವಾಸನೆಗಳೆಲ್ಲವೂ ಬೆಕ್ಕಿಗೆ ಶತ್ರುಗಳೆಂದಲ್ಲ. ನಮ್ಮ ಹಿತ್ತಿಲುಗಳಲ್ಲಿ ತಾನಾಗಿ ಬೆಳೆಯುವ ಕುಪ್ಪಿಗಿಡವನ್ನು ಕಿತ್ತು ಬೇರನ್ನು ನೆಲಕ್ಕೆ ಹಾಕಿದರೆ, ಎಲ್ಲಿಯೋ ಇದ್ದ ಬೆಕ್ಕು ಓಡಿಬಂದು ಅದಕ್ಕೆ ಮುಖ ಉಜ್ಜಿ ಹೊರಳಾಡುವುದುಂಟು. ಪಾಶ್ಚಾತ್ಯ ದೇಶಗಳ ಕ್ಯಾಟ್ನಿಪ್ ಎಂಬ ಗಿಡಕ್ಕೂ ಅಂತಹುದೇ ಖ್ಯಾತಿ. ಮೂರರಲ್ಲಿ ಎರಡು ಪಾಲು ಬೆಕ್ಕುಗಳು ಅದಕ್ಕೆ ಮರುಳಾಗುತ್ತವೆ, ಈ ಗುಣ ತಾಯ್ತಂದೆಯರಿಂದ ಬರುತ್ತದೆ. ಜಪಾನಿನ ಇವಾಟೆ ವಿಶ್ವವಿದ್ಯಾಲಯದ ಮಸಾವೊ ಮಿಯಾಝಾಕಿ ಮತ್ತು ಸಂಗಡಿಗರು 2021ರಲ್ಲಿ ಇದರ ಒಂದು ಗುಟ್ಟನ್ನು ತೆರೆದರು. ಅಂತಹ ಎಲೆಗಳ ರಸವನ್ನು ಮೈಗೆ ಬಳಿದುಕೊಂಡ ಬೆಕ್ಕಿಗೆ ಸೊಳ್ಳೆಗಳು ಕಡಿಮೆ ಮುತ್ತುತ್ತವೆ! ಹೊರಳಾಟ ಕೇವಲ ಅಮಲಲ್ಲ, ಸೊಳ್ಳೆಪರದೆ ಕಟ್ಟಿಕೊಳ್ಳುವ ಬಗೆಯೂ ಹೌದು.

ಮನೆಗೆ ಕೂಸು ಬಂದಾಗಿನ ಪ್ರಶ್ನೆ ಹೆಚ್ಚು ಎಚ್ಚರದ್ದು. ಬಾಣಂತಿ ಕೋಣೆಯ ಬಜೆ, ಓಮದ ಹೊಗೆ, ಎಣ್ಣೆಸ್ನಾನ, ಹಾಲು, ಒದ್ದೆಬಟ್ಟೆ ಹೀಗೆ ಒಮ್ಮೆಲೇ ಇಷ್ಟು ವಾಸನೆಗಳು ಬೆಕ್ಕನ್ನು ಕಂಗೆಡಿಸುತ್ತವೆ. ಅದೇ ಹೊತ್ತಿಗೆ, ಇದುವರೆಗೆ ತಟ್ಟೆಯಲ್ಲಿ ತುತ್ತು ಹಾಕುತ್ತಿದ್ದ ಅತ್ತೆಯೋ ಅಜ್ಜಿಯೋ ಕೂಸಿನ ಕಡೆಗೆ ತಿರುಗಿರುತ್ತಾರೆ. ತಾಯಿಮಗು ಮನೆಗೆ ಬರುವ ಮೊದಲೇ ತೊಟ್ಟಿಲನ್ನು ತಂದಿರಿಸಿ, ಕೂಸಿಗೆ ಸುತ್ತಿದ ಒಂದು ಬಟ್ಟೆಯನ್ನು ಪಡಸಾಲೆಯ ಮೂಲೆಯಲ್ಲಿಟ್ಟು ಬೆಕ್ಕು ತಾನಾಗಿ ಬಂದು ಮೂಸಲು ಬಿಟ್ಟರೆ ಅರ್ಧ ಕೆಲಸವಾಯಿತು. ಉಳಿದರ್ಧ ದೊಡ್ಡವರ ಕಾವಲು. ಬೆಚ್ಚಗಿನ ಜಾಗವನ್ನು ಹುಡುಕಿ ಬೆಕ್ಕು ತೊಟ್ಟಿಲನ್ನೇರುವ ಸಂಭವ ಇದ್ದೇ ಇರುತ್ತದೆ. ಮಲಗಿದ ಕೂಸಿನ ಕೋಣೆಯಲ್ಲಿ ಅದನ್ನು ಒಂಟಿಯಾಗಿ ಬಿಡಲೇಬಾರದು.

ಗೃಹಪ್ರವೇಶ ಮುಗಿಸಿ ಹೊಸ ಮನೆಗೆ ಸಂಸಾರವನ್ನು ಸಾಗಿಸುವಾಗ ಬೆಕ್ಕನ್ನು ಹಳೆಯ ಮನೆಯಲ್ಲಿಯೇ ಬಿಟ್ಟುಬಿಡುವ ರೂಢಿ ಕೆಲವೆಡೆ ಇದೆ. "ನಾಯಿ ಜನಕ್ಕೆ ಹೊಂದುತ್ತದೆ, ಬೆಕ್ಕು ಮನೆಗೆ ಹೊಂದುತ್ತದೆ" ಎಂಬ ಮಾತನ್ನು ಇದಕ್ಕೆ ಆಧಾರವಾಗಿ ಹೇಳುತ್ತಾರೆ. ಮಾತಿನಲ್ಲಿ ಸತ್ಯವಿದೆ, ಆದರೆ ಮನೆಯ ವಾಸನೆಯನ್ನು ಗಂಟು ಕಟ್ಟಿ ಒಯ್ಯಬಹುದು ಎಂಬುದನ್ನು ಅದು ಹೇಳುವುದಿಲ್ಲ. ಬೆಕ್ಕು ಮಲಗುತ್ತಿದ್ದ ಗೋಣಿತಾಟು, ಕೌದಿ, ಅದು ಪರಚುತ್ತಿದ್ದ ಮಣೆ, ತಿನ್ನುತ್ತಿದ್ದ ಬಟ್ಟಲು ಇವನ್ನು ಒಗೆಯದೆ, ಉಜ್ಜಿ ತೊಳೆಯದೆ, ಇದ್ದಂತೆಯೇ ತಂದು, ಹೊಸ ಮನೆಯ ಒಂದೇ ಕೋಣೆಯಲ್ಲಿ ಇರಿಸಿ, ಬೆಕ್ಕನ್ನು ಅಲ್ಲಿಯೇ ಬಿಡಬೇಕು. ಮೊದಲ ದಿನ ಅದು ಮಂಚದ ಕೆಳಗಿನಿಂದ ಹೊರಬಾರದಿದ್ದರೆ ಎಳೆಯಬಾರದು. ಆ ಕೋಣೆಯ ಬಾಗಿಲ ಚೌಕಟ್ಟಿಗೆ ಅದು ಕೆನ್ನೆ ಉಜ್ಜುವುದು ಕಂಡ ಮೇಲೆ ಮುಂದಿನ ಕೋಣೆಯನ್ನು ತೆರೆಯಬೇಕು. ಎರಡು ಮೂರು ವಾರ ಅಂಗಳಕ್ಕೆ ಬಿಡದೆ ಇಟ್ಟು, ಆಮೇಲೆ ಒಂದು ದಿನ, ಊಟಕ್ಕೆ ಸ್ವಲ್ಪ ಮುಂಚೆ, ಹಸಿದಿರುವಾಗ ಹಿತ್ತಿಲ ಬಾಗಿಲನ್ನು ತೆರೆದಿಟ್ಟು ಬಟ್ಟಲನ್ನು ಒಳಗಿನಿಂದ ಬಡಿದು ಕರೆದರೆ, ಅದು ಹೊಸಿಲವರೆಗೆ ಹೋಗಿ, ಗಾಳಿಯನ್ನು ಮೂಸಿ, ಒಳಗೇ ಬರುತ್ತದೆ.